‘ಒಂದೇ ಸಲ ಮಾಡಿಸಿಬಿಡಿ’ ಎಂಬ ಮಾತು

ಪಕ್ಕದ ತೋಟದ ಕಾಫಿ ಕಣದ ಮೂಲೆಯಲ್ಲಿ, ನೀಲಿ ಟಾರ್ಪಾಲಿನ ಕೆಳಗೆ, 1968ರ ಜೀಪೊಂದು ಮೂರು ವರ್ಷದಿಂದ ಬಿಚ್ಚಿದ ಸ್ಥಿತಿಯಲ್ಲೇ ಬಿದ್ದಿದೆ. ಆ ಮನೆಯ ಅಜ್ಜ ಅದರ ಹಿಂಭಾಗ ಕೊಯ್ಸಿ, ಹೊನ್ನೆ ಹಲಗೆಯ ಬಾಡಿ ಕಟ್ಟಿಸಿ ಪಿಕಪ್ ಮಾಡಿಸಿಕೊಂಡಿದ್ದರು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದವರೂ ಅವರೇ. ಗೊಬ್ಬರ, ಕಾಫಿ ಮೂಟೆ, ಬಾಳೆಗೊನೆ, ಹೆರಿಗೆಗೆ ಹೊರಟ ಹೆಂಗಸರು, ಎಲ್ಲರನ್ನೂ ಎಲ್ಲವನ್ನೂ ಹೊತ್ತ ಗಾಡಿ. ಅಜ್ಜ ತೀರಿಕೊಂಡ ಮೇಲೆ ಮೊಮ್ಮಗ ಅದನ್ನು ಉಳಿಸಿಕೊಳ್ಳಬೇಕೆಂದು ಮನಸ್ಸು ಮಾಡಿದ. ಕೇಳಿದವರೆಲ್ಲ ಅವನಿಗೆ ಹೇಳಿದ್ದು ಒಂದೇ ಮಾತು: “ಸ್ವಲ್ಪ ಸ್ವಲ್ಪ ಮಾಡಿಸ್ತಾ ಕೂತ್ರೆ ದುಡ್ಡು ದಂಡ. ಒಂದೇ ಸಲ ಎಲ್ಲಾ ಬಿಚ್ಚಿಸಿ ಫುಲ್ ಮಾಡಿಸಿಬಿಡು. ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ.”

ಅವನು ಬಿಚ್ಚಿಸಿದ. ಬಾಡಿ ಟಿಂಕರಿಂಗಿಗೆ ಹೋಯಿತು, ಎಂಜಿನ್ ಲೇತಿಗೆ ಹೋಯಿತು, ವೈರಿಂಗ್ ಪೂರ್ತಿ ಕಿತ್ತು ಹಾಕಲಾಯಿತು. ಬಾಡಿಗೆ ಬಣ್ಣ ಹೊಡೆಯುವ ಹೊತ್ತಿಗೆ ಕೈಯಲ್ಲಿದ್ದ ಹಣ ಮುಗಿಯಿತು. ಮುಂದಿನ ವರ್ಷ ಮಳೆಗೆ ಕಾಫಿ ಉದುರಿತು, ಅದರ ಮುಂದಿನ ವರ್ಷ ತಂಗಿಯ ಮದುವೆ. ಈಗ ನಟ್ಟು ಬೋಲ್ಟು ತುಂಬಿಟ್ಟ ಹಾರ್ಲಿಕ್ಸ್ ಬಾಟಲಿಗಳು ಕಣದ ಮನೆಯ ಗೂಡಿನಲ್ಲಿ ಸಾಲಾಗಿ ನಿಂತಿವೆ. ಯಾವುದು ಎಲ್ಲಿಯದು ಎಂದು ಬರೆದು ಅಂಟಿಸಿದ್ದ ಚೀಟಿಗಳನ್ನು ಹುಳ ತಿಂದಿದೆ.

ಆ ಬಾಟಲಿಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಡುಗನ ಮೇಲೆ ಸಿಟ್ಟಿಲ್ಲ, ಆ ಮಾತಿನ ಮೇಲಿದೆ. ಹಳೇ ಗಾಡಿ ಸಾಕುವುದು ಆನೆ ಸಾಕಿದ ಹಾಗೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರಲ್ಲ, ಹಾಗೆ ಹೇಳಿ ಕೈ ಸುಟ್ಟುಕೊಂಡವರ ಜೊತೆ ಕೂತು ವಿಚಾರಿಸಿ ನೋಡಿದ್ದೇನೆ. ಬಹುಪಾಲು ಕಡೆ ಹಣ ತಿಂದದ್ದು ಗಾಡಿಯ ವಯಸ್ಸಲ್ಲ, ಈ ‘ಒಂದೇ ಸಲ’. ದುಡಿಯುವ ಪಿಕಪ್ಪನ್ನು ದುಡಿಸುತ್ತಲೇ, ಜೀವಕ್ಕೆ ಕುತ್ತು ತರುವುದನ್ನು ಮೊದಲು ಹಿಡಿದು, ಒಂದೊಂದಾಗಿ ಸರಿ ಮಾಡಿಸಿಕೊಳ್ಳಬೇಕು. ಪೂರ್ತಿ ಬಿಚ್ಚಿ ಮೂಲೆಗೆ ನಿಲ್ಲಿಸಿದ ಗಾಡಿಗಳಲ್ಲಿ ಮತ್ತೆ ರಸ್ತೆಗೆ ಬಂದವು ನಮ್ಮ ಹೋಬಳಿಯಲ್ಲಿ ಬೆರಳೆಣಿಕೆಯಷ್ಟು.

ಈ ಬುದ್ಧಿ ನನಗೆ ಬಿಟ್ಟಿಯಾಗಿ ಬಂದದ್ದಲ್ಲ. ನಮ್ಮದು 1988ರ ಮಹೀಂದ್ರ ಪಿಕಪ್, ಪ್ಯೂಜೊ ಡೀಸೆಲ್ ಎಂಜಿನ್ನಿನದು. ಎಕ್ಸ್‌ಡಿಪಿ 4.90 ಎಂದು ಅದರ ಹೆಸರು. ಹೆಸರಲ್ಲೇ ಲೆಕ್ಕ ಇದೆ: ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, ಒಟ್ಟು 2112 ಸಿಸಿ. ಅಪ್ಪಯ್ಯ ಅದನ್ನು ತಂದ ದಿನದಿಂದ ಅದು ತೋಟದಲ್ಲೇ ಇದೆ. ಕೆಲವು ವರ್ಷಗಳ ಹಿಂದೆ, ಹಳೆ ಮನೆ ಕೆಡವಿದವರಿಂದ ಮಂಗಳೂರು ಹೆಂಚು ಕೊಂಡು ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುತ್ತಿದ್ದೆ. ಅಣ್ಣಪ್ಪ ಸ್ವಾಮಿ ಗುಡಿ ಮುಟ್ಟುವ ಮೊದಲೇ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಿ, ಆರಿಸಿ, ನೀರು ಹಾಕಿ, ಹೀಗೆ ನಾಲ್ಕು ಕಡೆ ನಿಂತು ಕೊಟ್ಟಿಗೆಹಾರ ತಲುಪುವಾಗ ಕತ್ತಲಾಗಿತ್ತು. ಪೇಟೆಯ ಒಂದು ದೊಡ್ಡ ಗ್ಯಾರೇಜಿನಲ್ಲಿ ತೋರಿಸಿದರೆ, ಎಂಜಿನ್ ಬೋರ್ ಬಂದಿದೆ, ಹೇಗೂ ಹಳೇ ಗಾಡಿ, ಒಂದೇ ಸಲ ಫುಲ್ ಕೆಲಸ ಮಾಡಿಸಿಬಿಡಿ ಎಂದರು. ನಾನು ತಲೆಯಾಡಿಸಿದೆ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಪ್ಲೇನಿಂಗ್, ಎಲ್ಲ ಆಯಿತು. ಆ ವರ್ಷದ ಮೆಣಸಿನ ದುಡ್ಡು ಅಲ್ಲಿಗೇ ಹೋಯಿತು. ಗಾಡಿ ಮನೆಗೆ ಬಂದು ತಿಂಗಳಾಗಿರಲಿಲ್ಲ, ಅದೇ ಘಾಟಿಯಲ್ಲಿ ಅದೇ ತಿರುವಿನ ಹತ್ತಿರ ಅದೇ ಮುಳ್ಳು ಮತ್ತೆ ಕೆಂಪಿಗೆ ಹೋಯಿತು.

ಆಮೇಲೆ ಯಾರೋ ಹೇಳಿದರೆಂದು ಮೂಡಿಗೆರೆಯಲ್ಲಿ ರೇಡಿಯೇಟರ್ ಬೆಸುಗೆ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ಅವರು ಎಂಜಿನ್ ಬಿಸಿಯಾಗುವ ತನಕ ಓಡಿಸಿ, ಆರಿಸಿ, ಫ್ಯಾನ್ ನಿಂತ ಮೇಲೆ ರೇಡಿಯೇಟರಿನ ಜಾಲರಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಎಡದಿಂದ ಬಲಕ್ಕೆ ಸರಿಸಿದರು. ನನ್ನ ಕೈಯನ್ನೂ ಹಿಡಿದು ಇಡಿಸಿದರು. ನಡುವೆ ಒಂದು ಗೇಣು ಅಗಲ ಸುಡುತ್ತಿತ್ತು, ಎರಡೂ ಬದಿ ತಣ್ಣಗಿತ್ತು. ಬಿಸಿನೀರು ಹರಿಯದ ಕೊಳವೆ ಬಿಸಿಯಾಗುವುದು ಹೇಗೆ? ಬ್ಲೋ ಲ್ಯಾಂಪಿನಿಂದ ಬೆಸುಗೆ ಕರಗಿಸಿ ಮೇಲಿನ ಟ್ಯಾಂಕ್ ಎಬ್ಬಿಸಿದಾಗ ಕೊಳವೆಗಳ ಬಾಯಿ ಕಂದು ಕೆಸರಿನಿಂದ ಮುಚ್ಚಿಹೋಗಿತ್ತು. ವರ್ಷಗಟ್ಟಲೆ ಕೂಲಂಟ್ ಇಲ್ಲದೆ ಬರೀ ತೋಡಿನ ನೀರು ಹಾಕಿದ್ದಕ್ಕೆ ಎಂಜಿನ್ನಿನ ಒಳಗಿನ ಎರಕದ ಕಬ್ಬಿಣ ತುಕ್ಕು ಬಿಟ್ಟು, ಆ ತುಕ್ಕು ಇಲ್ಲಿ ಬಂದು ಕೂತಿತ್ತು. ಅವರು ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ಒಂದೊಂದೇ ಕೊಳವೆಗೆ ಇಳಿಸಿ ಎಳೆಯುತ್ತಾ ಬಂದರು. ಪ್ರತಿ ಸಲವೂ ಬಕೆಟ್ಟಿಗೆ ಕೆಸರು ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. “ಗೌಡ್ರೇ, ಎಂಜಿನ್ ಬಿಚ್ಚೋಕೆ ಮುಂಚೆ ನನ್ನತ್ರ ಬರ್ಬೇಕಿತ್ತು,” ಎಂದಷ್ಟೇ ಹೇಳಿದರು. ಅವರು ಕೇಳಿದ ಮಜೂರಿ, ಗ್ಯಾರೇಜಿನ ಬಿಲ್ಲಿನಲ್ಲಿ ‘ಇತರೆ’ ಎಂದು ಬರೆದಿದ್ದ ಮೊತ್ತಕ್ಕಿಂತ ಕಡಿಮೆಯಿತ್ತು.

ಹೆಡ್ ಅಲ್ಯೂಮಿನಿಯಂನದಾದ್ದರಿಂದ, ಇಂಥ ಗಾಡಿಯನ್ನು ಬಿಸಿಯಲ್ಲೇ ಎಳೆದಾಡಿಸಿದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಆಗ ಎಂಜಿನ್ ಬಿಚ್ಚುವುದು ಖಂಡಿತಾ ಬೇಕಾಗುತ್ತದೆ. ಆದರೆ ಅದು ಕೊನೆಯ ಬಾಗಿಲು. ಫ್ಯಾನ್ ಬೆಲ್ಟು, ರೇಡಿಯೇಟರ್ ಮುಚ್ಚಳ, ಥರ್ಮೋಸ್ಟ್ಯಾಟ್, ಆಮೇಲೆ ರೇಡಿಯೇಟರ್ ನೋಡಬೇಕು. ಇಷ್ಟನ್ನೂ ನೋಡಿದ ಮೇಲೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಮುಚ್ಚಳ ತೆಗೆದಿಟ್ಟು, ನೀರಿನಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಎದ್ದರೆ ಮಾತ್ರ ಹೆಡ್ಡಿನ ಮಾತು. ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋಗುವ ಈ ದಾರಿಯನ್ನೇ ‘ಒಂದೇ ಸಲ’ ಎಂಬ ಮಾತು ಮುಚ್ಚಿಬಿಡುತ್ತದೆ. ಹೇಗೂ ಎಲ್ಲ ಹೊಸದು ಹಾಕುತ್ತೇವಲ್ಲ, ಏನು ಕೆಟ್ಟಿದೆ ಎಂದು ಹುಡುಕುವ ತಾಪತ್ರಯ ಯಾಕೆ ಎಂಬುದು ಅದರ ಒಳಗಿನ ಮಾತು. ಹುಡುಕದೆ ಬಿಟ್ಟ ದೋಷ ಹೊಸ ಪಿಸ್ಟನ್ನಿಗೂ ಹೆದರುವುದಿಲ್ಲ.

ಇದಕ್ಕಿಂತ ಚಿಕ್ಕ ಸಂಗತಿ ಒಂದಿದೆ. ಸೆಲ್ಫ್ ಎಳೆಯುತ್ತಿರಲಿಲ್ಲ. ಮೊದಲು ಬ್ಯಾಟರಿ ಬದಲಾಯಿಸಿದೆ, ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಹಾಕಿಸಿದೆ. ಕೊನೆಗೆ ಒಬ್ಬ ಎಲೆಕ್ಟ್ರೀಷಿಯನ್ ಹುಡುಗ ಜಂಪರ್ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವಿಗೂ ಇನ್ನೊಂದನ್ನು ನೇರ ಎಂಜಿನ್ನಿನ ಮೈಗೂ ಕಚ್ಚಿಸಿ, “ಈಗ ಹೊಡೀರಿ ಅಣ್ಣ,” ಎಂದ. ಒಂದೇ ಏಟಿಗೆ ಸ್ಟಾರ್ಟ್. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಹಸಿರುಗಟ್ಟಿ ಒಳಗೇ ಹರಿದಿತ್ತು. ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಯ ಕರೆಂಟಿನ ಕಾಯಿಲೆಗಳಲ್ಲಿ ಅರ್ಧ ಅರ್ತಿನದು. ಉಪ್ಪುಕಾಗದದಿಂದ ಉಜ್ಜಿ, ಗ್ರೀಸ್ ಸವರಿ, ಬೋಲ್ಟ್ ಬಿಗಿದರೆ ಆಯಿತು.

ಹಾಗಾದರೆ ಕೈಯಲ್ಲಿರುವ ಸಣ್ಣ ಹಣವನ್ನು ಮೊದಲು ಎಲ್ಲಿ ಹಾಕಬೇಕು? ಬ್ರೇಕಿಗೆ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದಾರಿಯ ಬ್ರೇಕ್ ಲೈನು. ಒಂದು ವೀಲ್ ಸಿಲಿಂಡರ್ ಸೋರಿದರೂ ಪೆಡಲ್ ನೆಲಕ್ಕೆ ಕೂರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಅದು ಎಷ್ಟು ನೀರು ಕುಡಿಯುತ್ತದೆ ಎಂದು ಹೇಳಬೇಕಾಗಿಲ್ಲ. ಆ ನೀರು ಸಿಲಿಂಡರಿನ ಒಳಮೈಯನ್ನು ತಿನ್ನುತ್ತದೆ, ಘಾಟಿ ಇಳಿಯುವಾಗ ಬಿಸಿಗೆ ಕುದಿದು ಆವಿಯಾಗಿ ಪೆಡಲನ್ನು ಪೊಳ್ಳು ಮಾಡುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸ ಆಯಿಲ್ ಹಾಕಿ ಗಾಳಿ ತೆಗೆಸುವುದಕ್ಕೆ ಹೆಚ್ಚೇನೂ ಖರ್ಚಿಲ್ಲ. ರಬ್ಬರ್ ಹೋಸು, ಮಾಸ್ಟರ್ ಸಿಲಿಂಡರ್, ಟೈರು, ಈ ಮೂರರಲ್ಲಿ ಉಳಿತಾಯ ಮಾಡಬೇಡಿ ಎಂದು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಟೈರಿನ ಹೂವು ನೋಡಿ ಸಮಾಧಾನ ಪಡುವುದು ಬೇಡ. ಅದರ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ತೋಟದ ಗಾಡಿಯಲ್ಲಿ ಹೂವು ಸವೆಯುವ ಮೊದಲೇ ರಬ್ಬರು ಮುದಿಯಾಗಿರುತ್ತದೆ.

ಗುಜರಿಗೆ ಹೋಗಿ ತರಬಹುದಾದ ಸಾಮಾನುಗಳು ಬೇರೆ ಇವೆ: ಗೇರ್ ಬಾಕ್ಸಿನ ಎರಕದ ಕವಚ, ಆಕ್ಸಲ್, ಬಾನೆಟ್ಟು, ಕಮಾನಿನ ಪಟ್ಟಿಗಳು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಡಬ್ಬಿಯೊಳಗಿನ ಹೊಸ ಬಿಡಿಭಾಗಕ್ಕಾಗಿ ದಿನಗಟ್ಟಲೆ ಅಲೆಯುವವರು, ಶಿವಾಜಿನಗರದ ಗುಜರಿಯಲ್ಲಿ ಅರ್ಧ ದಿನ ಕಳೆದರೆ ಅದಕ್ಕಿಂತ ಗಟ್ಟಿಯಾದ ಹಳೆಯ ಮಾಲು ಸಿಗುವುದುಂಟು.

ಇನ್ನು ಕೈಯಿಂದ ನೋಡುವ ಪರೀಕ್ಷೆ. ಹತ್ತು ಕಿಲೋಮೀಟರ್ ಓಡಿಸಿ ಮನೆಗೆ ಬಂದ ಕೂಡಲೇ ನಾಲ್ಕೂ ಚಕ್ರದ ಡ್ರಮ್ಮಿನ ಹತ್ತಿರ ಅಂಗೈ ಒಯ್ಯಿರಿ. ಒಂದು ಮಾತ್ರ ಕೆಂಡದಂತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರದ ಬ್ರೇಕು ಕೆಲಸವನ್ನೇ ಮಾಡುತ್ತಿಲ್ಲ. ಪ್ರತಿ ಭಾನುವಾರ ನಾನು ಇದನ್ನು ಮಾಡುತ್ತೇನೆ. ನಿಂತ ಗಾಡಿಯಲ್ಲಿ ಈ ಪರೀಕ್ಷೆ ಸಾಧ್ಯವೇ ಇಲ್ಲ ಎಂಬುದನ್ನು ಗಮನಿಸಬೇಕು. ಓಡುವ ಗಾಡಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಒಂದು ವಾರ ಒಂದೇ ಕೆಲಸ ಮಾಡಿಸಿದ್ದರೆ, ಮುಂದಿನ ವಾರ ಬಂದ ಹೊಸ ಸದ್ದು ಎಲ್ಲಿಂದ ಎಂದು ತಟ್ಟನೆ ತಿಳಿಯುತ್ತದೆ. ನೂರು ಭಾಗ ಒಟ್ಟಿಗೆ ಬಿಚ್ಚಿ ಕಟ್ಟಿದ ಗಾಡಿಯಲ್ಲಿ ಅದೇ ಸದ್ದಿಗೆ ನೂರು ಜಾಗ ಹುಡುಕಬೇಕು. ಅದರ ಮೇಲೆ, ಹೊಸ ಭಾಗ ಕೆಡುವುದಾದರೆ ಮೊದಲ ದಿನಗಳಲ್ಲೇ ಕೆಡುವುದು ಹೆಚ್ಚು. ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡುವವನು ಆ ಕಂಟಕವನ್ನೂ ಒಟ್ಟಿಗೇ ತಂದುಕೊಳ್ಳುತ್ತಾನೆ.

ತುಕ್ಕಿನ ವಿಷಯದಲ್ಲಿ ಮಾತ್ರ ಎದುರು ಪಕ್ಷದವರ ಮಾತಿಗೆ ತೂಕವಿದೆ. ಬಾಡಿ ಎತ್ತದೆ ಚಾಸಿಯ ಮೇಲ್ಮೈ ಕಾಣುವುದಿಲ್ಲ, ಪುಟ್ಟಿ ಮೆತ್ತಿದ ಜಾಗದಲ್ಲಿ ನೀರು ನಿಂತು ಒಳಗಿಂದ ತಿನ್ನುತ್ತದೆ, ಹಾಗಾಗಿ ಬಿಚ್ಚಲೇಬೇಕು ಎನ್ನುತ್ತಾರೆ. ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಗಂಟೆಯಂತೆ ನುಡಿಯುತ್ತದೆ, ಟೊಳ್ಳಾದದ್ದು ಮಡಕೆಯಂತೆ. ಮಡಕೆಯ ಸದ್ದು ಎರಡು ಮೂರು ಕಡೆ ಬಂದರೆ ಬಾಡಿ ಎತ್ತುವುದು ನ್ಯಾಯ. ಆದರೆ ತುಕ್ಕು ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳುವುದಿಲ್ಲವಲ್ಲ! ನಮ್ಮ ಪಿಕಪ್‌ಗಳ ಹಿಂಭಾಗದ ತಗಡು ಕ್ಯಾಬಿನ್ನಿಗಿಂತ ಎಷ್ಟೋ ಬೇಗ ಉದುರುವುದಕ್ಕೆ ಕಾರಣ ಮಳೆಯೊಂದೇ ಅಲ್ಲ, ಪೊಟ್ಯಾಶ್. ತೋಟಕ್ಕೆ ಹಾಕುವ ಕೆಂಪು ಪೊಟ್ಯಾಶ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ತಮ್ಮನಂಥದ್ದು. ಚೀಲದಿಂದ ಸೋರಿದ ಹರಳು ಹಲಗೆಯ ಸಂದಿನಲ್ಲಿ, ಬೋಲ್ಟಿನ ತಲೆಯ ಸುತ್ತ ಕೂತು, ಮೊದಲ ಮಳೆಗೆ ಕರಗಿ, ಕಡಲ ತೀರದ ಗಾಳಿ ಮಾಡುವ ಕೆಲಸವನ್ನು ಮಲೆನಾಡಿನಲ್ಲಿ ಮಾಡುತ್ತದೆ. ಗೊಬ್ಬರ ಇಳಿಸಿದ ಸಂಜೆಯೇ ನಾಲ್ಕು ಕೊಡ ನೀರು ಹೊಯ್ದು ಗುಡಿಸಿದರೆ ತಗಡು ಉಳಿಯುತ್ತದೆ. ಇದನ್ನು ಮಾಡದವನು ಹೊಸ ಬಾಡಿ ಕಟ್ಟಿಸಿದರೂ ಅದು ಹಾಗೆಯೇ ಹೋಗುತ್ತದೆ.

ಮಳೆಗಾಲಕ್ಕೆ ಮುಂಚೆ ತಳಕ್ಕೆಲ್ಲ ಸುಟ್ಟ ಆಯಿಲ್ ಹೊಡೆಸುವ ಅಭ್ಯಾಸವನ್ನೂ ಬಿಡಬೇಕು. ನಾವೂ ಬಹಳ ವರ್ಷ ಹೊಡೆಸಿದೆವು. ಅದು ಬುಶ್ಶಿನ, ಹೋಸಿನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಮಳೆ ಹಿಡಿದ ಮೇಲೆ ಆ ಎಣ್ಣೆ ತೊಳೆದು ಹೋಗಿ ಸೇರುವುದು ನಮ್ಮದೇ ಹಳ್ಳಕ್ಕೆ. ಆ ಹಳ್ಳದ ನೀರನ್ನು ಕೆಳಗಿನ ಮನೆಯವರು ಕುಡಿಯುತ್ತಾರೆ. ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೊಂದು ಕೈ ಬಣ್ಣ ಹೊಡೆದರೆ ಸಾಕು. ವರ್ಷಕ್ಕೆ ಒಂದು ಮೂಲೆ ಮುಗಿಸಿದರೂ ನಾಲ್ಕು ವರ್ಷಕ್ಕೆ ಸುತ್ತು ಬರುತ್ತದೆ.

ಎದುರು ಪಕ್ಷದವರ ಇನ್ನೊಂದು ವಾದ ಕೂಲಿಯದು. ಗೇರ್ ಬಾಕ್ಸ್ ಇಳಿಸಲು ಒಮ್ಮೆ ಕೂಲಿ ಕೊಟ್ಟ ಮೇಲೆ ಇನ್ನೊಂದು ಸಣ್ಣ ಕೆಲಸಕ್ಕೆ ಮತ್ತೆ ಇಳಿಸುವುದು ದಂಡವಲ್ಲವೇ? ಹೌದು, ದಂಡವೇ. ಕ್ಲಚ್ ಪ್ಲೇಟಿಗೆಂದು ಗೇರ್ ಬಾಕ್ಸ್ ಇಳಿಸಿದರೆ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಹಿಂದಿನ ಆಯಿಲ್ ಸೀಲು, ಎಲ್ಲವನ್ನೂ ಅದೇ ದಿನ ಮುಗಿಸಬೇಕು. ಬಿಚ್ಚಿದ ಜಾಗದಲ್ಲಿ ಕೈಗೆ ಸಿಕ್ಕುವುದನ್ನೆಲ್ಲ ಮಾಡಿ. ಆದರೆ ಗೇರ್ ಬಾಕ್ಸ್ ಇಳಿದಿದೆ ಎಂಬ ಕಾರಣಕ್ಕೆ ಡ್ಯಾಶ್‌ಬೋರ್ಡ್ ಕೀಳಬೇಡಿ. ನಾನು ಹೇಳುವುದು ಇಷ್ಟೇ.

ಈಗ ‘ಒರಿಜಿನಲ್’ ಎಂಬ ಮಾತಿಗೆ ಬರುತ್ತೇನೆ. ಹಳೇ ಗಾಡಿಗೆ ಬೆಲೆ ಬರುವುದು ಕಂಪನಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇದ್ದರೆ ಮಾತ್ರ ಎಂಬುದು ನಗರದ ಸಂಗ್ರಾಹಕರ ನಂಬಿಕೆ. ಕಾನೂನೂ ಅದನ್ನೇ ಹಿಡಿದಿದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಒಂದು ವಾಹನ ‘ವಿಂಟೇಜ್’ ಎನಿಸಿಕೊಳ್ಳಲು ಅದಕ್ಕೆ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕಾಗಲೀ ವ್ಯಾಪಾರಕ್ಕಾಗಲೀ ಬಳಸುವಂತಿಲ್ಲ. ಮೆರವಣಿಗೆಯ ಕಾರಿಗೆ ಇದು ಸರಿಯಾದ ನಿಯಮ ಇರಬಹುದು. ಆದರೆ ಪಿಕಪ್ಪಿಗೆ? ಪಕ್ಕದ ತೋಟದ ಆ ಜೀಪಿನ ಹಿಂಭಾಗ ಕೊಯ್ದದ್ದೇ ಅದರ ಬದುಕು. ಪೆಟ್ರೋಲ್ ಸಾಕಲಾರದೆ ಡೀಸೆಲ್ ಎಂಜಿನ್ ಕೂರಿಸಿದ್ದು ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಚರಿತ್ರೆ. ಊರ ಬಡಗಿ ಕಟ್ಟಿದ ಹೊನ್ನೆ ಹಲಗೆಯ ಬಾಡಿ, ಊರ ಕಮ್ಮಾರ ಬಡಿದ ಕೊಕ್ಕೆ, ಎರಡು ಪಟ್ಟಿ ಹೆಚ್ಚು ಸೇರಿಸಿದ ಕಮಾನು, ಇವನ್ನೆಲ್ಲ ಕಿತ್ತು ಹಾಕಿ ಪುಸ್ತಕದಲ್ಲಿರುವ ಚಿತ್ರದಂತೆ ಮಾಡಿದರೆ ಉಳಿಯುವುದು ಯಾರ ಗಾಡಿ? ಆ ಅಜ್ಜನದಂತೂ ಅಲ್ಲ. ದುಡಿದ ವಾಹನದ ಮೇಲಿನ ಬದಲಾವಣೆಯನ್ನು ಕಳಂಕವೆಂದು ನೋಡುವ ಈ ಕಣ್ಣು ನನಗೆ ಒಪ್ಪಿಗೆಯಿಲ್ಲ. ಅದರ ಮೇಲೆ, ಒರಿಜಿನಲ್ ಹುಡುಕುವ ಹಟವೇ ಬಡವನ ಬಜೆಟ್ಟನ್ನು ಮುಗಿಸುವುದು. ಲೇತಿನವನು ಒಂದು ಗಂಟೆಯಲ್ಲಿ ತಿರುಗಿಸಿ ಕೊಡುವ ಹಿತ್ತಾಳೆ ಬುಶ್ಶಿಗೆ ಬದಲಾಗಿ, ಹೆಸರು ಒತ್ತಿದ ಡಬ್ಬಿಗೆ ಆರು ತಿಂಗಳು ಕಾಯುವುದು ಯಾಕೆ? ಆ ಲೇತು, ಆ ರೇಡಿಯೇಟರ್ ಅಂಗಡಿ, ಕಮಾನು ಕಟ್ಟುವ ಶೆಡ್ಡು ಮುಚ್ಚಿಹೋದ ದಿನ ಹಳೇ ಗಾಡಿಗಳೂ ಮುಗಿದವು. ನಮ್ಮ ಹಣ ಮೊದಲು ಅವರ ಕೈಗೆ ಸೇರಬೇಕು.

ಗುಜರಿಗೆ ಹಾಕಿ ಹೊಸದು ತನ್ನಿ, ಹೊಗೆಯಾದರೂ ಕಡಿಮೆಯಾದೀತು ಎನ್ನುವವರಿಗೂ ಉತ್ತರ ಕೊಡಬೇಕು. ಅವರ ಮಾತು ಸುಳ್ಳಲ್ಲ. 1988ರ ಡೀಸೆಲ್ ಎಂಜಿನ್ನಿನ ಹೊಗೆ ಇಂದಿನ ಬಿಎಸ್ 6 ಗಾಡಿಯ ಹೊಗೆಗೆ ಹೋಲಿಕೆಯೇ ಅಲ್ಲ. ನಮ್ಮದರಲ್ಲಿ ಏರ್‌ಬ್ಯಾಗ್ ಇಲ್ಲ, ಸೀಟ್ ಬೆಲ್ಟು ನಾನೇ ಹಾಕಿಸಿದ್ದು. ದಿನಾ ಅರವತ್ತು ಕಿಲೋಮೀಟರ್ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸುವವರು ಇಂಥ ಗಾಡಿ ಇಟ್ಟುಕೊಳ್ಳಬಾರದು, ಮಕ್ಕಳ ಎದೆಗೆ ಒಳ್ಳೆಯದಲ್ಲ. ಆದರೆ ತೋಟ, ಪೇಟೆ, ಸಂತೆ ಎಂದು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ಗಾಡಿಗೆ ಬದಲು ಟನ್ನುಗಟ್ಟಲೆ ಹೊಸ ಉಕ್ಕು ಕರಗಿಸಿ ಇನ್ನೊಂದನ್ನು ಮಾಡಿಸುವುದೂ ಹೊಗೆಯಿಲ್ಲದ ಕೆಲಸವಲ್ಲ. ನಾಝಲ್ ಬಿಚ್ಚಿಸಿ ಪರೀಕ್ಷೆ ಮಾಡಿಸಿ, ಪಂಪಿನ ಟೈಮಿಂಗ್ ಸರಿ ಮಾಡಿಸಿ, ಏರ್ ಕ್ಲೀನರಿನ ಕೊಳಕು ಎಣ್ಣೆ ಚೆಲ್ಲಿ ಡೀಸೆಲ್ಲಿನಲ್ಲಿ ತೊಳೆದು ಗೆರೆಯವರೆಗೆ ಹೊಸ ಎಣ್ಣೆ ಹಾಕಿದರೆ ಕರಿಹೊಗೆ ಬಹಳ ಮಟ್ಟಿಗೆ ಇಳಿಯುತ್ತದೆ. ನಮ್ಮದರಲ್ಲಿ ಇಳಿದಿದೆ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಖಾಸಗಿ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಶುಲ್ಕ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಪರೀಕ್ಷೆಯನ್ನು ಇನ್ನೂ ಬಿಗಿಯಾಗಿ ಮಾಡಲಿ, ಬ್ರೇಕು ನೋಡಲಿ, ಹೊಗೆ ಅಳೆಯಲಿ, ಸ್ಟೀರಿಂಗಿನ ಪ್ಲೇ ನೋಡಲಿ. ಹುಟ್ಟಿದ ಇಸವಿ ನೋಡಿ ತೀರ್ಪು ಕೊಡುವುದನ್ನು ಮಾತ್ರ ಬಿಡಲಿ.

ಕಳೆದ ತಿಂಗಳು ಪಕ್ಕದ ತೋಟದ ಹುಡುಗ ಮನೆಗೆ ಬಂದಿದ್ದ. “ಮಾವ, ಅದನ್ನ ಗುಜರಿಗೆ ಕೊಟ್ಬಿಡ್ತೀನಿ, ನೋಡೋಕಾಗಲ್ಲ,” ಎಂದ. ನಾನು ಅವನ ಜೊತೆ ಕಣಕ್ಕೆ ಹೋದೆ. ಟಾರ್ಪಾಲು ಎತ್ತಿದೆವು. ಸುತ್ತಿಗೆಯಿಂದ ಚಾಸಿ ತಟ್ಟಿದೆ. ಉದ್ದಕ್ಕೂ ಗಂಟೆಯ ಸದ್ದೇ, ಹಿಂದಿನ ಕ್ರಾಸ್ ಮೆಂಬರಿನ ಹತ್ತಿರ ಒಂದು ಕಡೆ ಮಾತ್ರ ಮಡಕೆ. ಬಣ್ಣದ ಮಾತು ಈಗ ಬೇಡ, ವೈರಿಂಗಿನದೂ ಬೇಡ, ಮೊದಲು ಚಕ್ರ ಹಾಕಿ ನಿಲ್ಲಿಸೋಣ ಎಂದೆ. ಎರಡು ಭಾನುವಾರ ಕೂತು ನಾಲ್ಕೂ ವೀಲ್ ಸಿಲಿಂಡರ್, ಹೊಸ ಹೋಸು, ಮಾಸ್ಟರ್ ಸಿಲಿಂಡರ್ ಹಾಕಿದೆವು. ಬಾಟಲಿಗಳನ್ನು ಕಣದ ಮೇಲೆ ಸುರಿದು ಸರಿಹೊಂದುವ ಬೋಲ್ಟು ಹುಡುಕಿಕೊಟ್ಟವರು ಅವನ ತಾಯಿ. ಯಾವುದು ಎಲ್ಲಿಯದು ಎಂದು ಮಾವನವರ ಜೊತೆ ನಿಂತು ನೋಡಿದ್ದ ನೆನಪು ಅವರಿಗಿತ್ತು. ಮೊನ್ನೆ ಅದನ್ನು ನಾಲ್ಕು ಜನ ತಳ್ಳಿ ಕಣದಿಂದ ಅಂಗಳಕ್ಕೆ ತಂದೆವು. ಇಳಿಜಾರಿನಲ್ಲಿ ಹುಡುಗ ಬ್ರೇಕ್ ಒತ್ತಿದ. ನಿಂತಿತು. ಎಂಜಿನ್ ಇನ್ನೂ ಲೇತಿನವರ ಹತ್ತಿರವೇ ಇದೆ. ಮೆಣಸು ಮಾರಿದ ಮೇಲೆ ತರುತ್ತಾನಂತೆ.